ಬ್ಯಾಟರಿಯೇ ಇಲ್ಲದ ಬೋರ್ಡಿನಲ್ಲಿ ಬ್ಯಾಟರಿ ಡೈರೆಕ್ಟರಿ: ಸಿಸ್‌ಎಫ್‌ಎಸ್‌ನಲ್ಲಿ ಖಾಲಿ ಡೈರೆಕ್ಟರಿ ಕಾಣದಂತೆ ಮಾಡುವುದು ಹೇಗೆ?

ಪಂಪ್‌ಸೆಟ್_ಡ್ರೈವರ್

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ದಾರಿ ಹೇಳಿ. ಫಂಕ್ಷನ್ ಹೆಸರುಗಳನ್ನೂ ಇಲ್ಲಿನ ರೂಢಿಯಂತೆ ಕನ್ನಡದಲ್ಲೇ ಬರೆದಿದ್ದೇನೆ.

ನಾವು ಹೊಲದ ಪಂಪ್‌ಸೆಟ್‌ಗೆ ಹಾಕುವ ಕಂಟ್ರೋಲರ್ ಬೋರ್ಡ್ ಮಾಡುತ್ತೇವೆ. ಒಳಗೆ ಓಡುವುದು ಲಿನಕ್ಸ್. ಬೋರ್ಡಿನಲ್ಲಿ ಎರಡು ತರ ಇದೆ. ಒಂದರಲ್ಲಿ ಕರೆಂಟ್ ಹೋದಾಗ ಕೆಲಸಕ್ಕೆ ಬರಲಿ ಅಂತ ಬ್ಯಾಟರಿ ಇಟ್ಟಿದ್ದೇವೆ. ಇನ್ನೊಂದು ಕಡಿಮೆ ಬೆಲೆಯದ್ದು, ಅದಕ್ಕೆ ಬ್ಯಾಟರಿ ಇಲ್ಲ. ಡ್ರೈವರ್ ಮಾತ್ರ ಎರಡಕ್ಕೂ ಒಂದೇ. ಆ ಡ್ರೈವರ್ ಬರೆದವನು ನಾನು.

ಲಿನಕ್ಸ್‌ನ ತಿರುಳಾದ ಕರ್ನಲ್ ಸಾಧನಗಳ ಮಾಹಿತಿಯನ್ನು ಫೈಲ್‌ಗಳಾಗಿ ತೋರಿಸುವ ಜಾಗ ಸಿಸ್‌ಎಫ್‌ಎಸ್. ಅದರಲ್ಲಿ ನಮ್ಮ ಸಾಧನದ ಡೈರೆಕ್ಟರಿ ಒಳಗೆ ವೋಲ್ಟೇಜ್, ಆಂಪ್ಸ್, ಫೇಸ್ ಎಂಬ ಫೈಲ್‌ಗಳಿವೆ. ಜೊತೆಗೆ ಬ್ಯಾಟರಿ ಅಂತ ಒಂದು ಒಳ ಡೈರೆಕ್ಟರಿ. ಅದರಲ್ಲಿ ಮೂರು ಫೈಲ್: ಲೆವೆಲ್, ಚಾರ್ಜಿಂಗ್, ಲಿಮಿಟ್. ಬ್ಯಾಟರಿ ಇಲ್ಲದ ಬೋರ್ಡಿನಲ್ಲಿ ಈ ಮೂರೂ ಕಾಣಬಾರದು ಅಂತ ಆ ಫೈಲ್‌ಗಳ ಗ್ರೂಪ್‌ನ ಈಸ್-ವಿಸಿಬಲ್ ಕಾಲ್‌ಬ್ಯಾಕ್‌ನಲ್ಲಿ, ಅಂದರೆ ಯಾವ ಫೈಲ್ ತೋರಿಸಲಿ ಅಂತ ಕರ್ನಲ್ ಕರೆದು ಕೇಳುವ ಫಂಕ್ಷನ್‌ನಲ್ಲಿ, 0 ವಾಪಸ್ ಕೊಟ್ಟೆ. ಫೈಲ್‌ಗಳು ಹೋದವು. ಡೈರೆಕ್ಟರಿ ಮಾತ್ರ ಹಾಗೇ ಉಳಿಯಿತು. ಒಳಗೆ ಏನೂ ಇಲ್ಲ, ಎಲ್‌ಎಸ್ ಹೊಡೆದರೆ ಬರೀ ಖಾಲಿ. ಇರಲಿ ಬಿಡು, ಯಾರಿಗೇನು ತೊಂದರೆ ಅಂದುಕೊಂಡೆ.

ತೊಂದರೆ ಆಯಿತು. ಬೋರ್ಡಿನ ಮೇಲೆ ಓಡುವ ನಿಗಾ ಸ್ಕ್ರಿಪ್ಟ್ ಮೊದಲು ಬ್ಯಾಟರಿ ಡೈರೆಕ್ಟರಿ ಇದೆಯಾ ಅಂತ ನೋಡುತ್ತೆ. ಇದ್ದರೆ ಲೆವೆಲ್ ಓದುತ್ತೆ. ಓದಲು ಆಗದಿದ್ದರೆ "ಬ್ಯಾಟರಿ ಕೆಟ್ಟಿದೆ, ಬದಲಿಸಿ" ಅಂತ ಸರ್ವರ್‌ಗೆ ಕಳಿಸುತ್ತೆ. ಕೊಪ್ಪಳದ ಕಡೆ ಹಾಕಿದ ಹೊಸ ಬೋರ್ಡ್‌ಗಳೆಲ್ಲ ಒಂದೇ ದಿನ ಹೀಗೆ ದೂರು ಕಳಿಸಿದವು. ನಮ್ಮ ಸರ್ವಿಸ್ ಹುಡುಗ ಬೈಕಿಗೆ 11 ಬ್ಯಾಟರಿ ಕಟ್ಟಿಕೊಂಡು ಬಿಸಿಲಲ್ಲಿ ಹೋದ. ಮೊದಲ ಹೊಲದಲ್ಲಿ ಪೆಟ್ಟಿಗೆ ಬಿಚ್ಚಿ ನನಗೆ ಫೋನ್ ಮಾಡಿದ. "ಅಣ್ಣ, ಇದರಲ್ಲಿ ಬ್ಯಾಟರಿ ಕೂರಿಸೋ ಜಾಗಾನೇ ಇಲ್ಲ." ಆ ಮಾತು ಇನ್ನೂ ಕಿವಿಯಲ್ಲಿದೆ.

ನನ್ನ ಪ್ರಶ್ನೆ ಇಷ್ಟೇ. ಎಲ್ಲ ಫೈಲ್‌ಗೂ 0 ಕೊಟ್ಟ ಮೇಲೂ ಡೈರೆಕ್ಟರಿ ಯಾಕೆ ಉಳಿಯುತ್ತೆ? ಅದನ್ನೂ ಕಾಣದಂತೆ ಮಾಡುವ ಸರಿಯಾದ ಕ್ರಮ ಯಾವುದು?

ಸ್ಕ್ರಿಪ್ಟ್_ಪ್ರೇಮಿ

ಸ್ಕ್ರಿಪ್ಟ್‌ನಲ್ಲಿ ಒಂದು ಸಾಲು ಬದಲಿಸಿದರೆ ಮುಗಿಯಿತಲ್ವಾ? ಡೈರೆಕ್ಟರಿ ನೋಡುವ ಬದಲು ಲೆವೆಲ್ ಫೈಲ್ ಇದೆಯಾ ಅಂತ ನೋಡಿ. ಇಷ್ಟಕ್ಕೆ ಕರ್ನಲ್‌ಗೆ ಯಾಕೆ ಕೈ ಹಾಕುತ್ತೀರಿ?

ಹಳೇ_ಬಂಡಿ

ಸ್ಕ್ರಿಪ್ಟ್ ತಿದ್ದಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಪ್ಪು ಅಲ್ಲಿಗೇ ಮುಗಿಯುವುದಿಲ್ಲ. ನಾಳೆ ಇನ್ನೊಬ್ಬರು ಇನ್ನೊಂದು ಸ್ಕ್ರಿಪ್ಟ್ ಬರೆಯುತ್ತಾರೆ. ಅವರಿಗೆ ಕಾಣುವುದು ಸಿಸ್‌ಎಫ್‌ಎಸ್ ಮಾತ್ರ. ಅಲ್ಲಿ ಬ್ಯಾಟರಿ ಅಂತ ಡೈರೆಕ್ಟರಿ ಇದ್ದರೆ "ಈ ಬೋರ್ಡಿಗೆ ಬ್ಯಾಟರಿ ಇದೆ" ಅಂತ ಕರ್ನಲ್ ಮಾತು ಕೊಟ್ಟ ಹಾಗೆ. ನಮ್ಮ ಕೆಲಸ ಆ ಮಾತು ಸುಳ್ಳಾಗದಂತೆ ನೋಡಿಕೊಳ್ಳುವುದು.

ಸಿಸ್‌ಎಫ್‌ಎಸ್ ಬರೆದವರು ಪ್ಯಾಟ್ರಿಕ್ ಮೋಚೆಲ್. 2003ರ ಡಿಸೆಂಬರ್‌ನಲ್ಲಿ ಬಂದ 2.6 ಕರ್ನಲ್‌ನಿಂದ ಅದು ಎಲ್ಲರ ಕೈಗೂ ಸಿಕ್ಕಿತು. ಅದರ ಮೂಲ ನಿಯಮ ಬಹಳ ಸರಳ. ಒಂದು ವಸ್ತುವಿಗೆ ಒಂದು ಡೈರೆಕ್ಟರಿ, ಒಂದು ಗುಣಕ್ಕೆ ಒಂದು ಫೈಲ್, ಒಂದು ಫೈಲ್‌ನಲ್ಲಿ ಒಂದೇ ಬೆಲೆ (ಮೌಲ್ಯ). ಇದರಿಂದ ಒಂದು ಒಳ್ಳೆಯ ಅನುಕೂಲ ಆಗಿದೆ. ಫೈಲ್ ಇಲ್ಲ ಅಂದರೆ ಆ ಸೌಲಭ್ಯವೇ ಇಲ್ಲ. ಫೈಲ್ ಇದ್ದು ಓದಿದಾಗ ತಪ್ಪು ಬಂದರೆ ಸೌಲಭ್ಯ ಇದೆ, ಆದರೆ ಈಗ ಏನೋ ಕೆಟ್ಟಿದೆ. ಈ ಎರಡು ಬೇರೆ ಬೇರೆ ಸುದ್ದಿ. ನಿಮ್ಮ ಸರ್ವಿಸ್ ಹುಡುಗ ಅಲೆದದ್ದು ಈ ಎರಡು ಸುದ್ದಿ ಕಲೆತು ಹೋಗಿದ್ದರಿಂದ.

ಇನ್ನು ಡೈರೆಕ್ಟರಿ ಯಾಕೆ ಉಳಿಯುತ್ತೆ ಅಂತ. ಅಟ್ರಿಬ್ಯೂಟ್ ಅಂದರೆ ಈ ಗುಣವೇ. ಅಟ್ರಿಬ್ಯೂಟ್ ಗ್ರೂಪ್‌ಗೆ ಹೆಸರು ಕೊಟ್ಟರೆ ಆ ಹೆಸರಿನ ಒಳ ಡೈರೆಕ್ಟರಿ ಹುಟ್ಟುತ್ತೆ. ಹೆಸರು ಕೊಡದಿದ್ದರೆ ಫೈಲ್‌ಗಳು ನೇರ ಸಾಧನದ ಡೈರೆಕ್ಟರಿಯಲ್ಲೇ ಕೂರುತ್ತವೆ. ಗ್ರೂಪ್ ಸೃಷ್ಟಿಸುವ ಕೋಡ್ ಮೊದಲು ಡೈರೆಕ್ಟರಿ ಮಾಡುತ್ತೆ. ಆಮೇಲೆ ಪಟ್ಟಿಯಲ್ಲಿರುವ ಒಂದೊಂದು ಅಟ್ರಿಬ್ಯೂಟ್‌ಗೂ ನಿಮ್ಮ ಈಸ್-ವಿಸಿಬಲ್ ಅನ್ನು ಕರೆದು ಕೇಳುತ್ತೆ: ಇದನ್ನು ಯಾವ ಅನುಮತಿಯಲ್ಲಿ ತೋರಿಸಲಿ? ನೀವು 0 ಅಂದರೆ ಆ ಫೈಲ್ ಬಿಟ್ಟು ಮುಂದಕ್ಕೆ ಹೋಗುತ್ತೆ. ಎಲ್ಲಕ್ಕೂ 0 ಅಂದರೆ ಎಲ್ಲವನ್ನೂ ಬಿಡುತ್ತೆ. ಅಷ್ಟು ಹೊತ್ತಿಗೆ ಡೈರೆಕ್ಟರಿ ಹುಟ್ಟಿಯಾಗಿದೆ. ವಾಪಸ್ ಹೋಗಿ ಅದನ್ನು ಯಾರೂ ತೆಗೆಯುವುದಿಲ್ಲ.

ಹೊಸ_ಮಾಡ್ಯೂಲ್

ಸರ್, ಹಾಗಾದರೆ ಗ್ರೂಪ್ ಅನ್ನು ಪಟ್ಟಿಯಿಂದ ತೆಗೆದು, ಡ್ರೈವರ್‌ಗೆ ಸಾಧನ ಸಿಕ್ಕಾಗ ಓಡುವ ಪ್ರೋಬ್ ಫಂಕ್ಷನ್‌ನ ಕೊನೆಯಲ್ಲಿ ಒಂದು ಇಫ್ ಹಾಕಿ, ಬ್ಯಾಟರಿ ಇದ್ದರೆ ಮಾತ್ರ ಸಿಸ್‌ಎಫ್‌ಎಸ್ ಕ್ರಿಯೇಟ್ ಗ್ರೂಪ್ ಕರೆದರೆ? ನಾನು ಹಾಗೇ ಮಾಡುತ್ತೇನೆ. ಡೈರೆಕ್ಟರಿ ಸಮಸ್ಯೆಯೇ ಬರುವುದಿಲ್ಲ.

ಯೂಡೆವ್_ಕಾವಲು

ದಯವಿಟ್ಟು ಹಾಗೆ ಮಾಡಬೇಡಿ. ಅದರಿಂದ ನಾನು ಪಟ್ಟ ಪಾಡು ಹೇಳುತ್ತೇನೆ.

ಸಾಧನವನ್ನು ನೋಂದಾಯಿಸಿದಾಗ ಕರ್ನಲ್ ಹೊರಗಿನವರಿಗೆ "ಹೊಸ ಸಾಧನ ಬಂತು" ಅಂತ ಸಾರುತ್ತೆ. ಅದೇ ಯೂಇವೆಂಟ್. ಸಾಧನ ಬಂದು ಹೋಗುವುದನ್ನು ನೋಡಿಕೊಳ್ಳುವ ಯೂಡೆವ್ ಪ್ರೋಗ್ರಾಂ ಅದನ್ನು ಕೇಳಿ ತಕ್ಷಣ ತನ್ನ ನಿಯಮಗಳನ್ನು ಓಡಿಸುತ್ತೆ. ನಿಯಮದಲ್ಲಿ "ಈ ಅಟ್ರಿಬ್ಯೂಟ್‌ನಲ್ಲಿ ಇಂಥ ಬೆಲೆ ಇದ್ದರೆ ಇದನ್ನು ಮಾಡು" ಅಂತ ಬರೆದಿರುತ್ತೇವೆ. ಆಗ ಆ ಫೈಲ್ ಸಿಸ್‌ಎಫ್‌ಎಸ್‌ನಲ್ಲಿ ಇರಲೇಬೇಕು. ನೀವು ನೋಂದಣಿ ಆದ ಮೇಲೆ ಕೈಯಾರೆ ಗ್ರೂಪ್ ಸೇರಿಸಿದರೆ ಏನಾಗುತ್ತೆ? ಸಾರಿದ್ದು ಮೊದಲು, ಫೈಲ್ ಬಂದದ್ದು ಆಮೇಲೆ. ಊಟಕ್ಕೆ ಕರೆದು ಎಲೆ ಹಾಕದಿದ್ದ ಹಾಗೆ.

ನನ್ನ ಮೇಜಿನ ಮೇಲಿದ್ದ ಸಾಧನದಲ್ಲಿ ಇದು ಹತ್ತು ಸಲಕ್ಕೆ ಒಂಬತ್ತು ಸಲ ಸರಿಯಾಗಿ ನಡೆಯುತ್ತಿತ್ತು. ಯೂಡೆವ್ ತಡವಾಗಿ ಎದ್ದರೆ ಸರಿ, ಬೇಗ ಎದ್ದರೆ ನಿಯಮ ಹತ್ತುತ್ತಿರಲಿಲ್ಲ. ನಾಲ್ಕು ಕೋರ್ ಇರುವ ಬೋರ್ಡ್‌ಗೆ ಹೋದ ಮೇಲೆ ಜಾಸ್ತಿ ಆಯಿತು. ತಪ್ಪು ಎಲ್ಲಿ ಅಂತ ಹುಡುಕಲು ಮೂರು ದಿನ ಹೋಯಿತು. ಪ್ರಿಂಟ್ ಹಾಕಿದರೆ ವೇಗ ಬದಲಾಗಿ ತಪ್ಪೇ ಮಾಯ ಆಗುತ್ತಿತ್ತು. ಆ ಮೂರು ದಿನ ನಿದ್ದೆ ಸರಿಯಾಗಿ ಮಾಡಿಲ್ಲ.

ಅದಕ್ಕೇ ಡ್ರೈವರ್ ಕೋರ್ ನೋಡಿಕೊಳ್ಳುವ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಎಷ್ಟೋ ವರ್ಷದಿಂದ ಒಂದೇ ಮಾತು ಹೇಳುತ್ತಾ ಬಂದಿದ್ದಾರೆ. ಗ್ರೂಪ್‌ಗಳ ಪಟ್ಟಿಯನ್ನು ಮೊದಲೇ ಸಾಧನಕ್ಕೆ, ಕ್ಲಾಸ್‌ಗೆ ಅಥವಾ ಬಸ್‌ಗೆ ಹಚ್ಚಿ ಕೊಡಿ. ಸೃಷ್ಟಿಸುವುದು, ಅಳಿಸುವುದು ಎಲ್ಲ ಡ್ರೈವರ್ ಕೋರ್‌ಗೆ ಬಿಡಿ. ಅದು ಫೈಲ್ ಮಾಡಿದ ಮೇಲೆ ಸಾರುತ್ತೆ. ಯಾವ ಫೈಲ್ ಬೇಕು, ಯಾವುದು ಬೇಡ ಅನ್ನುವುದನ್ನು ಈಸ್-ವಿಸಿಬಲ್‌ನಲ್ಲಿ ಹೇಳಿ. ಹಾಗಾಗಿ ಪಂಪ್‌ಸೆಟ್ ಅವರೇ, ನೀವು ಹಿಡಿದ ದಾರಿ ಸರಿಯಾಗೇ ಇದೆ. ಡೈರೆಕ್ಟರಿ ಒಂದು ಮಾತ್ರ ಬಾಕಿ.

ವಿದ್ಯಾರ್ಥಿನಿ_ಸಿ

ನನಗೆ ಒಂದು ಸಂದೇಹ. ಎಲ್ಲ ಫೈಲ್‌ಗೂ 0 ಬಂತು ಅಂದರೆ ಡೈರೆಕ್ಟರಿ ಬೇಡ ಅಂತಲೇ ಅರ್ಥ ಅಲ್ವಾ? ಕರ್ನಲ್ ತಾನೇ ಖಾಲಿ ಡೈರೆಕ್ಟರಿಯನ್ನು ಬಿಟ್ಟುಬಿಡಬಹುದಿತ್ತಲ್ಲ. ಮೊದಲು ಎಲ್ಲವನ್ನೂ ಕೇಳಿ, ಒಂದಾದರೂ ಫೈಲ್ ಇದ್ದರೆ ಮಾತ್ರ ಡೈರೆಕ್ಟರಿ ಮಾಡು ಅಂತ ಬರೆದಿದ್ದರೆ ಇಷ್ಟೆಲ್ಲ ಚರ್ಚೆಯೇ ಬೇಕಿರಲಿಲ್ಲ.

ಹಳೇ_ಬಂಡಿ

ತುಂಬಾ ಒಳ್ಳೆಯ ಪ್ರಶ್ನೆ ತಂಗಿ. ಇದರಲ್ಲೇ ವಿಷಯದ ತಿರುಳಿದೆ. ಈಗ ನಿಮ್ಮ ಲ್ಯಾಪ್‌ಟಾಪ್ ತೆಗೆಯಿರಿ. ಸಿಸ್ ಒಳಗೆ ಕ್ಲಾಸ್, ಅದರೊಳಗೆ ನೆಟ್‌ಗೆ ಹೋಗಿ. ವೈಫೈ ಕಾರ್ಡಿನ ಡೈರೆಕ್ಟರಿ ಇರುತ್ತೆ, ಡಬ್ಲ್ಯೂಲ್ಯಾನ್0 ಅಂತಲೋ ಬೇರೆ ಏನೋ ಹೆಸರಿನಲ್ಲಿ. ಅದರೊಳಗೆ ವೈರ್‌ಲೆಸ್ ಅಂತ ಒಂದು ಡೈರೆಕ್ಟರಿ ಸಿಗುತ್ತೆ. ಅದನ್ನು ತೆರೆದು ನೋಡಿ ಬಂದು ಹೇಳಿ.

ವಿದ್ಯಾರ್ಥಿನಿ_ಸಿ

ನೋಡಿದೆ. ಖಾಲಿ ಇದೆ! ಒಂದು ಫೈಲೂ ಇಲ್ಲ. ಕೇಬಲ್ ಹಾಕುವ ಎತರ್ನೆಟ್‌ನಲ್ಲಿ ಆ ಡೈರೆಕ್ಟರಿಯೇ ಇಲ್ಲ.

ಹಳೇ_ಬಂಡಿ

ಅದೇ ನೋಡಿ. ನೆಟ್‌ವರ್ಕ್ ಕೋಡ್‌ನಲ್ಲಿ ಆ ಗ್ರೂಪ್‌ನ ಪಟ್ಟಿ ಬೇಕಂತಲೇ ಖಾಲಿ ಇಟ್ಟಿದ್ದಾರೆ. ಹೆಸರು ಮಾತ್ರ ಇದೆ. "ಈ ಇಂಟರ್‌ಫೇಸ್ ವೈರ್‌ಲೆಸ್ ಹೌದೋ ಅಲ್ಲವೋ" ಅಂತ ತಿಳಿಯಲು ಎಷ್ಟೋ ಸ್ಕ್ರಿಪ್ಟ್‌ಗಳು ಆ ಡೈರೆಕ್ಟರಿ ಇದೆಯಾ ಅಂತ ಮಾತ್ರ ನೋಡುತ್ತವೆ. ಅಲ್ಲಿ ಖಾಲಿ ಡೈರೆಕ್ಟರಿಯೇ ಸುದ್ದಿ. ಖಾಲಿ ಇದ್ದದ್ದನ್ನೆಲ್ಲ ಕರ್ನಲ್ ತಾನಾಗಿ ಬಿಡುತ್ತಾ ಹೋದರೆ ಅವೆಲ್ಲ ಒಂದೇ ದಿನ ಮುರಿಯುತ್ತವೆ. ಯೂಸರ್‌ಸ್ಪೇಸ್, ಅಂದರೆ ಕರ್ನಲ್ ಹೊರಗಿನ ಪ್ರೋಗ್ರಾಂಗಳು, ಮುರಿಯಬಾರದು ಅನ್ನುವುದು ಕರ್ನಲ್ ಊರಿನ ಮೊದಲ ಕಟ್ಟಳೆ.

ಇನ್ನೊಂದು ಕಾರಣ ಇದೆ. ಕೆಲವು ಡೈರೆಕ್ಟರಿಗಳನ್ನು ಒಬ್ಬರು ಹುಟ್ಟಿಸುತ್ತಾರೆ, ಇನ್ನೊಬ್ಬರು ಆಮೇಲೆ ತುಂಬುತ್ತಾರೆ. ಸಾಧನಗಳೊಳಗಿನ ಪವರ್ ಡೈರೆಕ್ಟರಿ ನೋಡಿ. ಮೊದಲು ಮೂಲ ಗ್ರೂಪ್ ಆ ಡೈರೆಕ್ಟರಿ ಮಾಡುತ್ತೆ. ಆಮೇಲೆ ರನ್‌ಟೈಮ್ ಪವರ್, ವೇಕಪ್ ಇವುಗಳ ಫೈಲ್‌ಗಳನ್ನು ಸಿಸ್‌ಎಫ್‌ಎಸ್ ಮರ್ಜ್ ಗ್ರೂಪ್ ಬಳಸಿ ಅದೇ ಡೈರೆಕ್ಟರಿಗೆ ಸೇರಿಸುತ್ತಾರೆ. ಮರ್ಜ್ ಮಾಡುವ ಹೊತ್ತಿಗೆ ಆ ಹೆಸರಿನ ಡೈರೆಕ್ಟರಿ ಇಲ್ಲದಿದ್ದರೆ ತಪ್ಪು ವಾಪಸ್ ಬರುತ್ತೆ. ಹಾಗಾಗಿ "ಈಗ ಖಾಲಿ" ಅಂದರೆ "ಯಾವಾಗಲೂ ಬೇಡ" ಅಂತ ಕರ್ನಲ್ ಊಹೆ ಮಾಡುವ ಹಾಗಿಲ್ಲ.

ಆದ್ದರಿಂದ ಡ್ರೈವರ್ ಬರೆದವರೇ ಬಾಯಿಬಿಟ್ಟು "ಈ ಡೈರೆಕ್ಟರಿ ಬೇಡ" ಅಂತ ಹೇಳುವ ಒಂದು ದಾರಿ ಬೇಕಿತ್ತು. ಅದು 6.9 ಕರ್ನಲ್‌ನಲ್ಲಿ ಬಂತು, 2024ರ ಮೇ ತಿಂಗಳಲ್ಲಿ ಬಿಡುಗಡೆ ಆದದ್ದು. ಪ್ಯಾಚ್ ಡ್ಯಾನ್ ವಿಲಿಯಮ್ಸ್ ಅವರದು. ಸಿಸ್‌ಎಫ್‌ಎಸ್ ಗ್ರೂಪ್ ಇನ್‌ವಿಸಿಬಲ್ ಅಂತ ಒಂದು ಫ್ಲ್ಯಾಗ್. ಈಸ್-ವಿಸಿಬಲ್ ವಾಪಸ್ ಕೊಡುವ ಸಂಖ್ಯೆಯಲ್ಲಿ ಫೈಲ್ ಅನುಮತಿಯ ಬಿಟ್‌ಗಳ ಮೇಲೆ ಜಾಗ ಇತ್ತಲ್ಲ, ಅಲ್ಲಿ ಈ ಫ್ಲ್ಯಾಗ್ ಕೂತಿದೆ. ಡೈರೆಕ್ಟರಿ ಮಾಡುವ ಮೊದಲೇ ಕರ್ನಲ್ ಈಗ ಗ್ರೂಪ್‌ನ ಮೊದಲ ಅಟ್ರಿಬ್ಯೂಟ್ ಹಿಡಿದು ಒಂದು ಸಲ ಕೇಳುತ್ತೆ. ಉತ್ತರದಲ್ಲಿ ಈ ಫ್ಲ್ಯಾಗ್ ಇದ್ದರೆ ಡೈರೆಕ್ಟರಿಯನ್ನೇ ಮಾಡುವುದಿಲ್ಲ. ಬರೀ 0 ಬಂದರೆ ಹಳೆಯ ನಡತೆಯೇ. ಹೀಗಾಗಿ ಹಳೆಯ ಡ್ರೈವರ್ ಯಾವುದಕ್ಕೂ ಪೆಟ್ಟು ಬೀಳಲಿಲ್ಲ. ನನಗೆ ಈ ಪ್ಯಾಚ್‌ನಲ್ಲಿ ಬಹಳ ಹಿಡಿಸಿದ್ದು ಇದೇ. ಹೊಸ ಫೀಲ್ಡ್ ಇಲ್ಲ, ಹೊಸ ಕಾಲ್‌ಬ್ಯಾಕ್ ಇಲ್ಲ, ಸಾವಿರಾರು ಗ್ರೂಪ್‌ಗಳನ್ನು ಮುಟ್ಟಬೇಕಿಲ್ಲ.

ಬಳಸುವುದಕ್ಕೆ ಒಂದು ಮ್ಯಾಕ್ರೋ ಕೊಟ್ಟಿದ್ದಾರೆ, ಡಿಫೈನ್ ಸಿಸ್‌ಎಫ್‌ಎಸ್ ಗ್ರೂಪ್ ವಿಸಿಬಲ್. ಅದಕ್ಕೆ ಒಂದು ಹೆಸರು ಕೊಡಬೇಕು, ನಿಮ್ಮಲ್ಲಿ ಬ್ಯಾಟರಿ ಅಂದುಕೊಳ್ಳಿ. ಆಗ ನೀವು ಎರಡು ಫಂಕ್ಷನ್ ಬರೆಯಬೇಕು. ಬ್ಯಾಟರಿ ಗ್ರೂಪ್ ವಿಸಿಬಲ್ ಅನ್ನುವುದು ಡೈರೆಕ್ಟರಿ ಬೇಕೋ ಬೇಡವೋ ಅಂತ ಹೇಳುತ್ತೆ. ಬ್ಯಾಟರಿ ಅಟ್ರ್ ವಿಸಿಬಲ್ ಅನ್ನುವುದು ಒಂದೊಂದು ಫೈಲ್‌ನ ಅನುಮತಿ ಹೇಳುತ್ತೆ. ಒಳಗಿನ ಫೈಲ್‌ಗಳಿಗೆ ಬೇರೆ ಬೇರೆ ಷರತ್ತು ಇಲ್ಲದಿದ್ದರೆ ಇದರದ್ದೇ ಸಿಂಪಲ್ ಅನ್ನುವ ಮ್ಯಾಕ್ರೋ ಇದೆ. ಅದಕ್ಕೆ ಮೊದಲ ಫಂಕ್ಷನ್ ಒಂದು ಸಾಕು. ಕೊನೆಗೆ ಗ್ರೂಪ್‌ನ ಈಸ್-ವಿಸಿಬಲ್ ಜಾಗದಲ್ಲಿ ಸಿಸ್‌ಎಫ್‌ಎಸ್ ಗ್ರೂಪ್ ವಿಸಿಬಲ್ ಮ್ಯಾಕ್ರೋಗೆ ಅದೇ ಹೆಸರು ಕೊಟ್ಟು ಹಚ್ಚಿ.

ನಡೆಯುವ ಮಾದರಿ ಬೇಕಿದ್ದರೆ ಸೌಂಡ್‌ವೈರ್ ಕೋಡ್ ಓದಿ. ಆಡಿಯೋ ಚಿಪ್‌ಗಳ ಬಸ್ ಅದು. ಪ್ರತಿ ಚಿಪ್‌ಗೂ ಡೇಟಾ ಪೋರ್ಟ್ 0 ಇರಲೇಬೇಕು ಅಂತಿಲ್ಲ. ಇದ್ದರೆ ಮಾತ್ರ ಡಿಪಿ0 ಅಂತ ಡೈರೆಕ್ಟರಿ, ಒಳಗೆ ಮ್ಯಾಕ್ಸ್ ವರ್ಡ್, ಮಿನ್ ವರ್ಡ್ ಇತ್ಯಾದಿ ಫೈಲ್. ಮುಂಚೆ ಅವರೂ ಕೈಯಾರೆ ಗ್ರೂಪ್ ಸೇರಿಸುತ್ತಿದ್ದರು. ಈ ಫ್ಲ್ಯಾಗ್ ಬಂದ ಮೇಲೆ ಆ ಕೋಡ್ ತೆಗೆದು ಎಲ್ಲವನ್ನೂ ಡ್ರೈವರ್ ಕೋರ್‌ಗೆ ಒಪ್ಪಿಸಿದರು.

ಸ್ಕ್ರಿಪ್ಟ್_ಪ್ರೇಮಿ

ವೈರ್‌ಲೆಸ್ ಉದಾಹರಣೆ ನೋಡಿ ಒಪ್ಪಿದೆ. ನಾನೇ ಬರೆದ ಒಂದು ಸ್ಕ್ರಿಪ್ಟ್ ಆ ಡೈರೆಕ್ಟರಿಯನ್ನೇ ನೋಡುತ್ತೆ! ಅದು ಖಾಲಿ ಅಂತ ಇವತ್ತೇ ಗೊತ್ತಾಗಿದ್ದು. ಡೈರೆಕ್ಟರಿ ಇರುವುದೇ ಒಂದು ಮಾತು ಅನ್ನುವುದು ಸರಿ.

ಪಂಪ್‌ಸೆಟ್_ಡ್ರೈವರ್

ಬಂಡಿ ಸರ್, ಕೈ ಮುಗಿದೆ. ರಾತ್ರಿಯೇ ಕೂತು ಮಾಡಿದೆ. ಮೇಜಿನ ಮೇಲಿನ ಬೋರ್ಡಿನಲ್ಲಿ 6.12 ಹಾಕಿದ್ದೇನೆ. ಸಿಂಪಲ್ ಮ್ಯಾಕ್ರೋ ಬಳಸಿದೆ. ಬ್ಯಾಟರಿ ಗ್ರೂಪ್ ವಿಸಿಬಲ್ ಒಳಗೆ ಕೆ-ಆಬ್ಜೆಕ್ಟ್‌ನಿಂದ ಡಿವೈಸ್ ತೆಗೆದು, ಡಿವೈಸ್‌ನಿಂದ ಡ್ರೈವರ್ ಡೇಟಾ (ಸಾಧನದ ಬಗ್ಗೆ ಡ್ರೈವರ್ ಇಟ್ಟುಕೊಳ್ಳುವ ಮಾಹಿತಿ) ತೆಗೆದು, ಅದರಲ್ಲಿ ಬ್ಯಾಟರಿ ಇದೆ ಅನ್ನುವ ಗುರುತು ನೋಡಿದೆ. ಕಂಪೈಲ್ ಆಯಿತು. ಮಾಡ್ಯೂಲ್ ಹಾಕಿದ ತಕ್ಷಣ ಊಪ್ಸ್, ಅಂದರೆ ಕರ್ನಲ್ ಒಳಗೇ ತಪ್ಪು! ನಲ್ ಪಾಯಿಂಟರ್. ಟ್ರೇಸ್‌ನ ತುದಿಯಲ್ಲಿ ನನ್ನದೇ ಫಂಕ್ಷನ್. ಅದರ ಕೆಳಗೆ ಇಂಟರ್ನಲ್ ಕ್ರಿಯೇಟ್ ಗ್ರೂಪ್, ಇನ್ನೂ ಕೆಳಗೆ ಡಿವೈಸ್ ಆ್ಯಡ್. ಡ್ರೈವರ್ ಡೇಟಾ ನಲ್ ಬರುತ್ತಿದೆ. ಪ್ರೋಬ್‌ನಲ್ಲಿ ನಾನು ಅದನ್ನು ಸೆಟ್ ಮಾಡಿದ್ದೇನೆ, ಮೂರು ಸಲ ನೋಡಿದೆ. ಎಲ್ಲಿ ಎಡವಿದ್ದೇನೆ?

ಮಲೆನಾಡ_ಮಳೆ

ಸೆಟ್ ಮಾಡಿದ್ದೀರಿ, ಆದರೆ ಯಾವ ಸಾಲಿನಲ್ಲಿ? ಡಿವೈಸ್ ರಿಜಿಸ್ಟರ್ ಕರೆದ ಮೇಲೆ ಮಾಡಿದ್ದೀರಿ ಅಂತ ನನ್ನ ಅಂದಾಜು.

ಟ್ರೇಸ್ ಅನ್ನು ಕೆಳಗಿನಿಂದ ಮೇಲೆ ಓದಿ. ನೀವು ರಿಜಿಸ್ಟರ್ ಕರೆದಿರಿ. ಅದು ಡಿವೈಸ್ ಆ್ಯಡ್ ಕರೆಯಿತು. ಡಿವೈಸ್ ಆ್ಯಡ್ ಗ್ರೂಪ್‌ಗಳನ್ನು ಮಾಡಲು ಹೊರಟಿತು, ನಿಮ್ಮ ಫಂಕ್ಷನ್‌ಗೆ ಬಂದು "ಬ್ಯಾಟರಿ ಬೇಕಾ" ಅಂತ ಕೇಳಿತು. ಇಷ್ಟೂ ನಡೆದದ್ದು ರಿಜಿಸ್ಟರ್ ಕರೆ ಮುಗಿಯುವ ಮೊದಲು. ನಿಮ್ಮ ಡ್ರೈವರ್ ಡೇಟಾ ಸೆಟ್ ಮಾಡುವ ಸಾಲು ಅದರ ಮುಂದಿನ ಸಾಲು. ಇನ್ನೂ ಆ ಸಾಲಿಗೆ ಯಾರೂ ಬಂದೇ ಇಲ್ಲ.

ಮುಂಚೆ ಇದು ಯಾಕೆ ಊಪ್ಸ್ ಆಗಲಿಲ್ಲ ಅಂದರೆ, ಹಳೆಯ ಈಸ್-ವಿಸಿಬಲ್‌ನಲ್ಲಿ ನೀವು ಬೋರ್ಡಿನ ತರ ತಿಳಿಯಲು ಬೇರೆ ಏನೋ ನೋಡಿರಬೇಕು. ಗ್ಲೋಬಲ್ ವೇರಿಯಬಲ್ ಇತ್ತಾ?

ಎರಡು ದಾರಿ ಇವೆ. ರಿಜಿಸ್ಟರ್ ಕರೆಯುವ ಮೊದಲೇ ಡ್ರೈವರ್ ಡೇಟಾ ಸೆಟ್ ಮಾಡಿ. ಇಲ್ಲವಾದರೆ ಡಿವೈಸ್ ಕ್ರಿಯೇಟ್ ವಿತ್ ಗ್ರೂಪ್ಸ್ ಬಳಸಿ. ಅದಕ್ಕೆ ಡ್ರೈವರ್ ಡೇಟಾ ಮತ್ತು ಗ್ರೂಪ್ ಪಟ್ಟಿ ಎರಡನ್ನೂ ಒಟ್ಟಿಗೆ ಕೊಡುತ್ತೀರಿ. ಸರಿಯಾದ ಕ್ರಮವನ್ನು ಅದೇ ನೋಡಿಕೊಳ್ಳುತ್ತೆ.

ಇದನ್ನೇ ಇನ್ನೊಂದು ಕಡೆಯಿಂದಲೂ ಹೇಳುತ್ತೇನೆ, ಬೇರೆಯವರಿಗೂ ಆಗಲಿ. ಗ್ರೂಪ್ ಪಟ್ಟಿಯನ್ನು ಎಲ್ಲಿ ಹಚ್ಚಿದ್ದೀರಿ ಅನ್ನುವುದರ ಮೇಲೆ ಈಸ್-ವಿಸಿಬಲ್ ಯಾವಾಗ ಓಡುತ್ತೆ ಅನ್ನುವುದು ನಿಂತಿದೆ. ಸಾಧನಕ್ಕೆ, ಕ್ಲಾಸ್‌ಗೆ, ಬಸ್‌ಗೆ ಹಚ್ಚಿದ್ದು ಸಾಧನ ಸೇರುವಾಗ ಓಡುತ್ತೆ, ಅಂದರೆ ಆ ಸಾಧನಕ್ಕೆ ಡ್ರೈವರ್ ಪ್ರೋಬ್ ಆಗುವ ಮೊದಲು. ಡ್ರೈವರ್ ರಚನೆಯೊಳಗೆ ಡೆವ್ ಗ್ರೂಪ್ಸ್ ಅಂತ ಜಾಗ ಇದೆ, 5.4ರಿಂದ ಬಂದದ್ದು. ಅಲ್ಲಿ ಹಚ್ಚಿದ್ದು ಪ್ರೋಬ್ ಯಶಸ್ವಿಯಾದ ಮೇಲೆ ಓಡುತ್ತೆ. ಅಲ್ಲಿ ಡ್ರೈವರ್ ಡೇಟಾ ಧೈರ್ಯವಾಗಿ ಮುಟ್ಟಬಹುದು. ಆದರೆ ಆ ಫೈಲ್‌ಗಳು ಮೊದಲ ಆ್ಯಡ್ ಸಾರುವಾಗ ಇರುವುದಿಲ್ಲ. ಆಮೇಲೆ ಬೈಂಡ್ ಅನ್ನುವ ಇನ್ನೊಂದು ಯೂಇವೆಂಟ್ ಬರುತ್ತೆ, ಅಷ್ಟರಲ್ಲಿ ಇರುತ್ತವೆ. ಯೂಡೆವ್ ನಿಯಮ ಬರೆಯುವವರು ಯಾವುದಕ್ಕೆ ಕಾಯಬೇಕು ಅಂತ ಇದನ್ನು ನೋಡಿ ತೀರ್ಮಾನಿಸಬೇಕು.

ಯೂಡೆವ್_ಕಾವಲು

ಮಳೆ ಅವರು ಹೇಳಿದ ಕೊನೆಯ ಮಾತನ್ನು ಬರೆದಿಟ್ಟುಕೊಳ್ಳಿ. ಆ್ಯಡ್‌ಗೆ ನಿಯಮ ಬರೆದು ಬೈಂಡ್‌ನಲ್ಲಿ ಬರುವ ಫೈಲ್ ಹುಡುಕುವವರನ್ನು ವಾರಕ್ಕೆ ಒಬ್ಬರನ್ನಾದರೂ ನೋಡುತ್ತೇನೆ.

ಪಂಪ್‌ಸೆಟ್_ಡ್ರೈವರ್

ಹೌದು, ಗ್ಲೋಬಲ್ ವೇರಿಯಬಲ್ ಇತ್ತು. ಅದನ್ನು ಕಿತ್ತು ಹಾಕಿದೆ. ಡಿವೈಸ್ ಕ್ರಿಯೇಟ್ ವಿತ್ ಗ್ರೂಪ್ಸ್‌ಗೆ ಬದಲಿಸಿದೆ. ಊಪ್ಸ್ ಹೋಯಿತು.

ಈಗ ಎರಡು ಬೋರ್ಡ್ ಪಕ್ಕಪಕ್ಕ ಇಟ್ಟು ನೋಡಿದೆ. ಬ್ಯಾಟರಿ ಇರುವುದರಲ್ಲಿ ವೋಲ್ಟೇಜ್, ಆಂಪ್ಸ್, ಫೇಸ್, ಬ್ಯಾಟರಿ ಡೈರೆಕ್ಟರಿ, ಒಳಗೆ ಮೂರೂ ಫೈಲ್. ಇಲ್ಲದ್ದರಲ್ಲಿ ಮೊದಲ ಮೂರು ಫೈಲ್ ಮಾತ್ರ. ಬ್ಯಾಟರಿಯ ಹೆಸರೇ ಇಲ್ಲ. ಹಳೆಯ ಸ್ಕ್ರಿಪ್ಟ್ ಮುಟ್ಟದೆ ಹಾಗೇ ಓಡಿಸಿದೆ, ಒಂದು ದೂರೂ ಹೋಗಲಿಲ್ಲ. ಎಷ್ಟು ಖುಷಿ ಆಯಿತು ಅಂದರೆ ರಾತ್ರಿ ಒಂದೂವರೆಗೆ ಸರ್ವಿಸ್ ಹುಡುಗನಿಗೆ ಮೆಸೇಜ್ ಹಾಕಿದೆ.

ಆದರೆ ಹೊಲದಲ್ಲಿರುವ ಬೋರ್ಡ್‌ಗಳಲ್ಲಿ ಚಿಪ್ ಕಂಪನಿ ಕೊಟ್ಟ 5.10 ಇದೆ. ಹೆಡರ್‌ನಲ್ಲಿ ಹುಡುಕಿದೆ, ಈ ಮ್ಯಾಕ್ರೋ ಇಲ್ಲ. ಅಲ್ಲಿ ಏನು ಮಾಡಲಿ? ಪ್ಯಾಚ್ ಹಿಂದಕ್ಕೆ ತರಲಾ?

ಹಳೇ_ಬಂಡಿ

ನಿಮ್ಮ ವಿಷಯದಲ್ಲಿ ಬೇಕಿಲ್ಲ. ಸಾಧನ ನೋಂದಾಯಿಸುವವರು ನೀವೇ. ಆ ಹೊತ್ತಿಗೆ ಬೋರ್ಡಿಗೆ ಬ್ಯಾಟರಿ ಇದೆಯೋ ಇಲ್ಲವೋ ನಿಮಗೆ ಗೊತ್ತು. ಹಾಗಾಗಿ ಎರಡು ಪಟ್ಟಿ ಮಾಡಿ. ಒಂದರಲ್ಲಿ ಮೂಲ ಗ್ರೂಪ್ ಮಾತ್ರ, ಇನ್ನೊಂದರಲ್ಲಿ ಮೂಲ ಗ್ರೂಪ್ ಜೊತೆ ಬ್ಯಾಟರಿ ಗ್ರೂಪ್. ಡಿವೈಸ್ ಕ್ರಿಯೇಟ್ ವಿತ್ ಗ್ರೂಪ್ಸ್‌ಗೆ ಯಾವುದು ಬೇಕೋ ಅದನ್ನು ಕೊಡಿ. ಸಾರುವ ಮೊದಲೇ ತೀರ್ಮಾನ ಆಗಿರುತ್ತೆ, ಯೂಡೆವ್ ಮೊದಲೋ ಫೈಲ್ ಮೊದಲೋ ಅನ್ನುವ ರೇಸ್ ಇಲ್ಲ, ಖಾಲಿ ಡೈರೆಕ್ಟರಿಯೂ ಇಲ್ಲ.

ಹೀಗೆ ಮಾಡಲು ಆಗದವರೂ ಇದ್ದಾರೆ. ಬಸ್‌ಗೋ ಕ್ಲಾಸ್‌ಗೋ ಒಂದೇ ಸ್ಥಿರ ಪಟ್ಟಿ ಇರುತ್ತೆ, ಸಾವಿರ ತರದ ಸಾಧನ ಅದೇ ಪಟ್ಟಿಯಿಂದ ಹಾದು ಹೋಗಬೇಕು. ಐಚ್ಛಿಕ ಗ್ರೂಪ್ ನಾಲ್ಕು ಇದ್ದರೆ ಹದಿನಾರು ಪಟ್ಟಿ ಬರೆಯಬೇಕಾಗುತ್ತೆ. ಅಂಥವರಿಗೆ ಫ್ಲ್ಯಾಗ್ ಇಲ್ಲದೆ ನಡೆಯುವುದಿಲ್ಲ.

ಅಕಸ್ಮಾತ್ ಪ್ಯಾಚ್ ಹಿಂದಕ್ಕೆ ತರುತ್ತೀರಿ ಅಂದರೆ ಒಂದು ಎಚ್ಚರ. ಮೊದಲ ಪ್ಯಾಚ್ ಒಂದನ್ನೇ ಎತ್ತಿಕೊಳ್ಳಬೇಡಿ, ಅದರ ಬೆನ್ನಿಗೇ ಬಂದ ತಿದ್ದುಪಡಿಯನ್ನೂ ತನ್ನಿ. ಗ್ರೂಪ್‌ನ ಮೊದಲ ಅಟ್ರಿಬ್ಯೂಟ್ ಹಿಡಿದು ಕೇಳುತ್ತೆ ಅಂದೆನಲ್ಲ. ಪಟ್ಟಿಯೇ ಖಾಲಿ ಇದ್ದರೆ ಮೊದಲನೆಯದು ಎಲ್ಲಿಂದ ಬರಬೇಕು? ಇಂಟೆಲ್‌ನ ಪರ್ಫ್ (ಪ್ರೊಸೆಸರ್ ಕೆಲಸ ಅಳೆಯುವ) ಕೋಡ್‌ನಲ್ಲಿ ಅಂಥ ಖಾಲಿ ಪಟ್ಟಿಯ ಗ್ರೂಪ್ ಇತ್ತು, ಅದು ಬಿತ್ತು. ಆಮೇಲೆ "ಪಟ್ಟಿ ಇದೆಯಾ, ಅದರಲ್ಲಿ ಮೊದಲನೆಯದು ಇದೆಯಾ" ಅಂತ ಎರಡೂ ನೋಡುವ ಹಾಗೆ ತಿದ್ದಿದರು.

ಹೊಸ_ಮಾಡ್ಯೂಲ್

ಬ್ಯಾಟರಿಯನ್ನು ಓಡುತ್ತಿರುವಾಗಲೇ ಹಾಕಿ ತೆಗೆಯುವ ಹಾಗಿದ್ದರೆ? ಶುರುವಿನಲ್ಲಿ ಇಲ್ಲ, ಆಮೇಲೆ ಬಂತು.

ಮಲೆನಾಡ_ಮಳೆ

ಸಿಸ್‌ಎಫ್‌ಎಸ್ ಅಪ್‌ಡೇಟ್ ಗ್ರೂಪ್ ಅಂತ ಇದೆ. ಅದನ್ನು ಕರೆದರೆ ಈಸ್-ವಿಸಿಬಲ್ ಎಲ್ಲ ಮತ್ತೆ ಓಡುತ್ತೆ. 6.9ರ ಬದಲಾವಣೆಯಲ್ಲಿ ಇದನ್ನೂ ಸೇರಿಸಿದ್ದಾರೆ. ಮೊದಲು ಅಡಗಿದ್ದ ಡೈರೆಕ್ಟರಿ ಈಗ ಬೇಕು ಅಂದರೆ ಹುಟ್ಟುತ್ತೆ. ಇದ್ದದ್ದು ಬೇಡ ಅಂದರೆ ಡೈರೆಕ್ಟರಿ ಸಮೇತ ಹೋಗುತ್ತೆ.

ಆ ಹೊತ್ತಿಗೆ ಯಾರಾದರೂ ಲೆವೆಲ್ ಫೈಲ್ ತೆರೆದು ಹಿಡಿದಿದ್ದರೆ ಭಯ ಬೇಡ. ಒಳಗೆ ನಡೆಯುತ್ತಿರುವ ಓದು ಮುಗಿಯುವವರೆಗೆ ಅಳಿಸುವ ಕೆಲಸ ಕಾಯುತ್ತೆ. ಆಮೇಲೆ ಅದೇ ಹಿಡಿಯಿಂದ ಓದಿದರೆ "ಸಾಧನ ಇಲ್ಲ" ಅನ್ನುವ ತಪ್ಪು, ಈನೋಡೆವ್, ಬರುತ್ತೆ. ಆದರೆ ಇದರಲ್ಲೇ ಒಂದು ಗುಂಡಿ ಇದೆ. ಲೆವೆಲ್ ಫೈಲ್‌ನ ಓದುವ ಫಂಕ್ಷನ್ ಒಂದು ಲಾಕ್ ಹಿಡಿಯುತ್ತೆ ಅಂದುಕೊಳ್ಳಿ. ನೀವು ಅದೇ ಲಾಕ್ ಹಿಡಿದು ಅಪ್‌ಡೇಟ್ ಗ್ರೂಪ್ ಕರೆದರೆ ಅದು ಇದಕ್ಕೆ ಕಾಯುತ್ತೆ, ಇದು ಅದಕ್ಕೆ ಕಾಯುತ್ತೆ. ಎರಡೂ ಅಲ್ಲೇ ನಿಲ್ಲುತ್ತವೆ. ಲಾಕ್ ಬಿಟ್ಟ ಮೇಲೆ ಕರೆಯಿರಿ. ಮತ್ತೆ, ಅಪ್‌ಡೇಟ್ ಗ್ರೂಪ್ ತಾನಾಗಿ ಯೂಇವೆಂಟ್ ಕಳಿಸುವುದಿಲ್ಲ. ಹೊರಗಿನವರಿಗೆ ತಿಳಿಯಬೇಕಾದರೆ ಚೇಂಜ್ ಇವೆಂಟ್ ನೀವೇ ಕಳಿಸಬೇಕು.

ಸ್ಕ್ರಿಪ್ಟ್_ಪ್ರೇಮಿ

ಒಂದು ಕೇಳಲಾ? ಕೆಲವು ಫೈಲ್‌ಗಳನ್ನು ಸಾಮಾನ್ಯ ಬಳಕೆದಾರರು ನೋಡಬಾರದು ಅಂತ ಇದ್ದರೆ ಇದನ್ನೇ ಬಳಸಬಹುದಾ?

ಹಳೇ_ಬಂಡಿ

ಬೇಡ. ಈಸ್-ವಿಸಿಬಲ್ ಕೇಳುವುದು ಗ್ರೂಪ್ ಮಾಡುವಾಗ, ಯಾರೋ ಫೈಲ್ ತೆರೆಯುವಾಗ ಅಲ್ಲ. ಯಾರು ನೋಡುತ್ತಿದ್ದಾರೆ ಅಂತ ಅದಕ್ಕೆ ಗೊತ್ತೇ ಇಲ್ಲ. ಅಡಗಿಸಿದರೆ ರೂಟ್‌ಗೂ ಕಾಣುವುದಿಲ್ಲ. ಕಾವಲು ಬೇಕಿದ್ದರೆ ಅನುಮತಿ ಬಿಟ್ ಬಳಸಿ, ರೂಟ್ ಮಾತ್ರ ಓದಲಿ ಅಂದರೆ 0400. ಹಾರ್ಡ್‌ವೇರ್‌ನಲ್ಲಿ ಬರೆಯಲು ಆಗದ ಬೆಲೆ ಇದ್ದರೆ ಅದೇ ಕಾಲ್‌ಬ್ಯಾಕ್‌ನಿಂದ 0644 ಬದಲು 0444 ಕೊಡಿ. ಎಲ್ಲರೂ ಬರೆಯಬಹುದು ಅಂತ 0666 ಕೊಟ್ಟರೆ ಕರ್ನಲ್ ಲಾಗ್‌ನಲ್ಲಿ ಎಚ್ಚರಿಕೆ ಹಾಕಿ ಆ ಬಿಟ್ ಅನ್ನು ಕಿತ್ತು ಹಾಕುತ್ತೆ.

ವಿದ್ಯಾರ್ಥಿನಿ_ಸಿ

ಸರ್, ನಾನು ಕಾಲೇಜ್ ಪ್ರಾಜೆಕ್ಟ್‌ನಲ್ಲಿ ಈ ಮ್ಯಾಕ್ರೋ ಹಾಕಿ ನೋಡಿದೆ. ವಿಚಿತ್ರ ಆಗಿದೆ. ಗ್ರೂಪ್ ವಿಸಿಬಲ್‌ನಿಂದ ಫಾಲ್ಸ್ ಕೊಟ್ಟೆ. ಮೊದಲ ಫೈಲ್ ಮಾತ್ರ ಹೋಯಿತು, ಉಳಿದ ಎರಡು ಕಾಣುತ್ತಿವೆ. ಸಿಂಪಲ್ ಮ್ಯಾಕ್ರೋನೇ ಬಳಸಿದ್ದು.

ಮಲೆನಾಡ_ಮಳೆ

ನಿಮ್ಮ ಗ್ರೂಪ್‌ಗೆ ಹೆಸರು ಕೊಟ್ಟಿದ್ದೀರಾ?

ವಿದ್ಯಾರ್ಥಿನಿ_ಸಿ

ಇಲ್ಲ. ಫೈಲ್‌ಗಳು ನೇರ ಸಾಧನದ ಡೈರೆಕ್ಟರಿಯಲ್ಲೇ ಇರಲಿ ಅಂತ ಬಿಟ್ಟೆ.

ಮಲೆನಾಡ_ಮಳೆ

ಅದೇ ಕಾರಣ. ಫ್ಲ್ಯಾಗ್ ಅರ್ಥ ಆಗುವುದು ಹೆಸರಿರುವ ಗ್ರೂಪ್‌ಗೆ ಮಾತ್ರ. ನಿಮ್ಮದಕ್ಕೆ ಡೈರೆಕ್ಟರಿಯೇ ಇಲ್ಲ, ಹಾಗಾಗಿ ಅಡಗಿಸಲು ಏನೂ ಇಲ್ಲ. ಮ್ಯಾಕ್ರೋ ಬಿಚ್ಚಿ ನೋಡಿ. ಸೂಚಿ 0 ಇದ್ದಾಗ ಮಾತ್ರ ಅದು ನಿಮ್ಮ ಗ್ರೂಪ್ ವಿಸಿಬಲ್ ಅನ್ನು ಕೇಳುತ್ತೆ. 1, 2ಕ್ಕೆ ಸುಮ್ನೆ ಅಟ್ರಿಬ್ಯೂಟ್‌ನ ಸ್ವಂತ ಅನುಮತಿ ವಾಪಸ್ ಕೊಡುತ್ತೆ. ಹೆಸರಿರುವ ಗ್ರೂಪ್‌ನಲ್ಲಿ 0ಗೇ ಆಟ ಮುಗಿದು 1ರವರೆಗೆ ಹೋಗುವುದೇ ಇಲ್ಲ. ನಿಮ್ಮಲ್ಲಿ ಹೋಯಿತು.

ಹೆಸರಿಲ್ಲದ ಗ್ರೂಪ್‌ಗೆ ಮ್ಯಾಕ್ರೋ ಬಿಡಿ. ಹಳೆಯ ಕ್ರಮದಲ್ಲಿ ಈಸ್-ವಿಸಿಬಲ್ ಬರೆದು ಬೇಡದ ಪ್ರತಿ ಫೈಲ್‌ಗೂ 0 ಕೊಡಿ.

ವಿದ್ಯಾರ್ಥಿನಿ_ಸಿ

ಹಾಗೇ ಮಾಡಿದೆ, ಮೂರೂ ಹೋದವು. ಥ್ಯಾಂಕ್ಸ್ ಸರ್.

ಪಂಪ್‌ಸೆಟ್_ಡ್ರೈವರ್

ಎಲ್ಲರಿಗೂ ಕೊನೆಯ ಸುದ್ದಿ. 5.10ಕ್ಕೆ ಎರಡು ಪಟ್ಟಿಯ ದಾರಿ ಹಿಡಿದೆ, ಕೋಡ್ ಹತ್ತು ಸಾಲೂ ಹೆಚ್ಚಾಗಲಿಲ್ಲ. ಮುಂದಿನ ಬೋರ್ಡ್ 6.12ರ ಮೇಲೆ ಬರುತ್ತೆ, ಅದಕ್ಕೆ ಮ್ಯಾಕ್ರೋ. ಸ್ಕ್ರಿಪ್ಟ್ ಕೂಡ ತಿದ್ದಿದೆ. ಈಗ ಅದು ಲೆವೆಲ್ ಫೈಲ್ ಇಲ್ಲದಿದ್ದರೆ "ಬ್ಯಾಟರಿ ಇಲ್ಲದ ಬೋರ್ಡ್" ಅನ್ನುತ್ತೆ, ಇದ್ದು ಓದಲು ಆಗದಿದ್ದರೆ ಮಾತ್ರ "ಕೆಟ್ಟಿದೆ" ಅನ್ನುತ್ತೆ. ಯಾವ ಬೋರ್ಡಿನಲ್ಲಿ ಯಾವ ಫೈಲ್ ಇರುತ್ತೆ, ಇಲ್ಲದಿದ್ದರೆ ಅದರ ಅರ್ಥ ಏನು ಅಂತ ಡ್ರೈವರ್ ಜೊತೆಗೆ ಒಂದು ಪುಟ ಬರೆದಿಟ್ಟಿದ್ದೇನೆ. ಮೇನ್‌ಲೈನ್ (ಮೂಲ ಕರ್ನಲ್) ಡಾಕ್ಯುಮೆಂಟೇಶನ್ ಒಳಗೆ ಇಂಥ ಫೈಲ್‌ಗಳ ವಿವರ ಇರುವ ಎಬಿಐ ಡೈರೆಕ್ಟರಿ ಇದೆಯಲ್ಲ, ಅದೇ ಮಾದರಿ.

ನಿನ್ನೆ ಕೊಪ್ಪಳದ 11 ಬೋರ್ಡಿಗೂ ಅಪ್‌ಡೇಟ್ ಕಳಿಸಿದೆ. ಬೆಳಗ್ಗೆ ಸರ್ವರ್ ನೋಡಿದೆ, ಹನ್ನೊಂದರಲ್ಲಿ ಹತ್ತು "ಬ್ಯಾಟರಿ ಇಲ್ಲದ ಬೋರ್ಡ್" ಅಂತ ತೋರಿಸಿದವು. ಇನ್ನೊಂದು ಬೋರ್ಡಿನ ಕಡೆ ರಾತ್ರಿಯಿಂದ ಕರೆಂಟ್ ಇಲ್ಲವಂತೆ, ಬಂದ ಮೇಲೆ ಅದನ್ನೂ ನೋಡುತ್ತೇನೆ.